ಎಡಗೈಯಲ್ಲಿ ಇಟ್ಟ ಬಿಲ್ಲೆ

ಅವರು ಬಂದದ್ದು ನನ್ನ ಗಂಡನನ್ನು ಕೇಳಿಕೊಂಡು. ನಾನು ಪಡಸಾಲೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದೆ. ಬಾಗಿಲ ಮುಂದೆ ಒಂದು ಜೀಪು ನಿಂತಿತು, ಅದರ ಹಿಂದೆ ಗಾಲಿಯ ಮೇಲೆ ಕಟ್ಟಿದ ರಬ್ಬರ್ ದೋಣಿ. ಇಳಿದವರು ಇಬ್ಬರು. ಹಿರಿಯರು ಬೆಳಗಾವಿ ಕಡೆಯವರು, ಸೈನ್ಯದಲ್ಲಿದ್ದು ನಿವೃತ್ತರಾದವರು. ಇನ್ನೊಬ್ಬ ಕಾರವಾರದವನು, ನೀರಿನಲ್ಲಿ ಮುಳುಗಿ ಹುಡುಕುವುದೇ ಅವನ ಉದ್ಯೋಗ. ಇದೆಲ್ಲ ಆಮೇಲೆ ಗೊತ್ತಾಯಿತು.

"ಈ ಊರಾಗ ಹೊಳ್ಯಾಗ ಮುಳುಗಿ ಫುಟ್‌ವಾಲ್ ತಗೀತಾರಂತಲ್ರಿ, ಅವರ ಮನಿ ಇದೇ ಏನ್ರಿ?" ಎಂದು ಹಿರಿಯರು ಕೇಳಿದರು.

"ಮನಿ ಇದೇ ರೀ. ಅವರು ಹ್ವಾದ ಶ್ರಾವಣದಾಗ ತೀರಿಕೊಂಡ್ರು," ಅಂದೆ.

ಹಿರಿಯರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತರು. ಹೋಗುವುದೋ ಕೂರುವುದೋ ತಿಳಿಯದ ಹಾಗೆ. ಒಳಗಿನಿಂದ ನನ್ನ ಅತ್ತೆಯ ದನಿ ಬಂತು. "ಬಾಗಲಾಗ ಯಾಕ ನಿಂತೀರಿ? ಒಳಗ ಬರ್ರಿ. ಸತ್ತವರ ಮನ್ಯಾಗೂ ಚಾ ಮಾಡ್ತಾರ."

ಚಹಾ ಕುಡಿಯುತ್ತ ಹಿರಿಯರು ಬಂದ ಕಾರಣ ಹೇಳಿದರು. ದೊಡ್ಡ ಯುದ್ಧದ ಕಾಲದಲ್ಲಿ ನಮ್ಮ ಭೀಮಾ ಹೊಳೆಯಲ್ಲಿ ಒಂದು ಸಣ್ಣ ವಿಮಾನ ಬಿದ್ದಿತ್ತು. ಅದರಲ್ಲಿ ಒಬ್ಬನೇ ಇದ್ದ, ಇಪ್ಪತ್ತೆರಡು ವರ್ಷದವನು. ವಿಮಾನ ಸಿಗಲಿಲ್ಲ, ಅವನೂ ಸಿಗಲಿಲ್ಲ. ಅವನ ತಂಗಿ ದೂರದ ದೇಶದಲ್ಲಿ ಇನ್ನೂ ಬದುಕಿದ್ದಾಳೆ, ತೊಂಬತ್ತು ದಾಟಿದೆ. ಅಣ್ಣ ಎಲ್ಲಿದ್ದಾನೆ ಎಂದು ತಿಳಿದು ಸಾಯಬೇಕೆಂದು ಕಾದಿದ್ದಾಳೆ. ಇಂಥವರನ್ನು ನೀರಿನಲ್ಲಿ ಹುಡುಕುವುದೇ ಇವರ ಕೆಲಸ.

ಅತ್ತೆ ಅರ್ಧ ಕುಡಿದ ಕಪ್ಪನ್ನು ಎತ್ತಿಕೊಂಡು ಒಳಗೆ ಹೋದರು. ಯಾಕೆ ಹೋದರೆಂದು ನನಗೆ ಗೊತ್ತಿತ್ತು. ಆ ಮನುಷ್ಯ ಎಲ್ಲಿದ್ದಾನೆ ಎಂಬುದೂ ನನಗೆ ಗೊತ್ತಿತ್ತು.

ಹೊಳೆಯ ಮಗ್ಗುಲಿಗೆ ನಮ್ಮದು ನಾಲ್ಕು ಎಕರೆ ಕೆಳಗಿನ ಹೊಲ. ಅದರಲ್ಲಿ ಒಂದು ಬಾವಿ, ಬಾವಿಯ ಮೂಡಣಕ್ಕೆ ಮೊಣಕಾಲೆತ್ತರದ ಒಂದು ಕಲ್ಲು. ಸಾಹೇಬನ ಕಲ್ಲು ಎಂದು ಮನೆಯೊಳಗೆ ಮಾತ್ರ ಕರೆಯುತ್ತಿದ್ದರು. ನಾನು ಮದುವೆಯಾಗಿ ಬಂದ ಮೊದಲ ಎಳ್ಳ ಅಮಾವಾಸ್ಯೆಗೆ, ಹೊಲಕ್ಕೆ ಎಡೆಯಾಗಿ ಚರಗ ಚೆಲ್ಲುವಾಗ, ಅತ್ತೆ ಭೂಮಿತಾಯಿಯ ಪಾಲಿನ ಜೊತೆ ಆ ಕಲ್ಲಿಗೂ ಒಂದು ಪಾಲು ಇಟ್ಟರು. ಸಜ್ಜಿ ಕಡಬು, ಭಜ್ಜಿ, ಒಂದಿಷ್ಟು ಅಂಬಲಿ. ಯಾರದು ಎಂದು ಕೇಳಿದ್ದಕ್ಕೆ, "ವಿಮಾನದಾಗ ಬಂದಾಂವ. ಒಳಗ ಕುಂತಾನ. ಈ ಮಾತು ಹೊಸ್ತಲ ದಾಟಬಾರದು," ಅಂದರು. ನಾನು ದಾಟಿಸಲಿಲ್ಲ. ಮುಂದೆ ಬ್ಯಾರೇಜ್ ಕಟ್ಟಿದರು. ಹಿನ್ನೀರು ಏರಿ ಹೊಲ, ಬಾವಿ, ಕಲ್ಲು ಎಲ್ಲ ಮುಳುಗಿದವು. ಆಮೇಲೆ ಆ ಪಾಲನ್ನು ದಂಡೆಯಲ್ಲಿ ನಿಂತು ನೀರಿಗೆ ಹಾಕುವ ಕೆಲಸ ನನ್ನ ಗಂಡನಿಗೆ ಬಂತು.

ನಮ್ಮವರ ಕೆಲಸದ ಬಗ್ಗೆ ಹೇಳಬೇಕು. ಹೊಳೆ ದಂಡೆಯ ಊರುಗಳಲ್ಲಿ ಪ್ರತಿ ಹೊಲದಿಂದಲೂ ಒಂದು ಪೈಪು ನೀರಿಗೆ ಇಳಿದಿರುತ್ತದೆ. ಅದರ ತುದಿಯಲ್ಲಿ ಜಾಲರಿ ಇರುವ ಒಂದು ಫುಟ್‌ವಾಲ್. ಅದಕ್ಕೆ ಪಾಚಿ, ಅರಿವೆ, ಸತ್ತ ಮೀನು ಸಿಕ್ಕಿಕೊಂಡರೆ ಮೋಟರು ನೀರೆಳೆಯುವುದಿಲ್ಲ. ಯಾರಾದರೂ ಮುಳುಗಿ ಬಿಡಿಸಬೇಕು. ಅಫಜಲಪುರದಿಂದ ಜೇವರ್ಗಿಯ ತನಕ ಅದಕ್ಕೆ ನಮ್ಮವರನ್ನೇ ಕರೆಯುತ್ತಿದ್ದರು. ಅವರ ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಹಿಡಿದು ದಂಡೆಯಲ್ಲಿ ಕೂರುವವಳು ನಾನು. ಆಳಂದ ಕಡೆಯ ಮಟಕಿ ಎಂಬ ಊರಿನಿಂದ ಬಂದವಳು, ಮದುವೆಗೆ ಮೊದಲು ಬಾವಿ ಬಿಟ್ಟರೆ ಬೇರೆ ಆಳದ ನೀರು ಕಂಡಿರಲಿಲ್ಲ. ಹಗ್ಗಕ್ಕೆ ನಮ್ಮದೇ ಭಾಷೆ ಇತ್ತು. ಒಂದು ಜಗ್ಗಿದರೆ ಇದ್ದೇನೆ ಎಂದು. ಎರಡು ಜಗ್ಗಿದರೆ ಸಿಕ್ಕಿತು. ಮೂರು ಎಂದರೆ ಎಳಿ. ಮೂವತ್ತು ವರ್ಷ ಹಗ್ಗ ಹಿಡಿದೆ, ಮೂರು ಸಲ ಮಾತ್ರ ಎಳೆದಿದ್ದೇನೆ.

ಬೇಸಿಗೆಯಲ್ಲಿ ನೀರು ಇಳಿದಾಗ ಅವರು ನಮ್ಮ ಮುಳುಗಿದ ಹೊಲದ ಮೇಲೆ ಈಜಿಕೊಂಡು ಹೋಗುತ್ತಿದ್ದರು. "ಹೊಲಕ್ಕ ಹೋಗಿ ಬರ್ತೇನಿ," ಅನ್ನುವರು. ಬಂದ ಮೇಲೆ, "ಕಸ ಎಷ್ಟ ಬೆಳದದ್ರಿ?" ಎಂದು ನಾನು ಕೇಳಿದರೆ, "ಮೀನ ಮೇಯ್ದಾವ, ನೀ ಬರೂದು ಬ್ಯಾಡ," ಅನ್ನುವರು. ಬಾವಿಯ ಕಟ್ಟೆ ಇನ್ನೂ ಗಟ್ಟಿ ಇದೆ, ಬೇವಿನ ಬೊಡ್ಡೆ ಕೊಳೆತಿದೆ ಎಂದು ಒಂದೊಂದೇ ಹೇಳುವರು. ಹಾಗಾಗಿ ನೀರಿನ ತಳ ನನಗೆ ನೋಡದೆಯೇ ಗೊತ್ತಿತ್ತು.

ಹಿರಿಯರು ಕೇಳಿದರು, "ಅವರ ಹಂಗ ಹೊಳಿ ಗೊತ್ತಿದ್ದವರು ಬ್ಯಾರೆ ಯಾರರೆ ಇದ್ದಾರೇನ್ರಿ, ಅಕ್ಕಾರ?"

"ಮುಳುಗೂದು ನನಗ ಬರೂದಿಲ್ರಿ. ಎಲ್ಲಿ ಏನದ ಅಂತ ಹೇಳ್ತೇನಿ," ಅಂದೆ. ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ಎಂಟು ತಿಂಗಳಿಂದ ನಾನು ಮೇಲಿನ ಹೊಲದಲ್ಲಿ ನಮ್ಮವರಿಗೆ ಮಣ್ಣು ಕೊಟ್ಟ ಗದ್ದಿಗೆಗೆ ಹೋಗಿ ಬರುವುದು ಬಿಟ್ಟರೆ ಎಲ್ಲಿಗೂ ಹೋಗಿರಲಿಲ್ಲ.

ಅತ್ತೆಯನ್ನು ಕೇಳಿದೆ. "ಹೋಗ್ ಬೇ. ಮನ್ಯಾಗ ಕುಂತು ಏನ ಕಡೀತಿ? ಗಾಳಿಗೆ ಹೋದಂಗ ಆಗ್ತದ," ಅಂದರು. ಆಮೇಲೆ ದನಿ ಇಳಿಸಿ, "ಬಾಯಿ ಮಾತ್ರ ಭದ್ರ."

ನಾಲ್ಕು ದಿನ ಅವರ ದೋಣಿಯಲ್ಲಿ ಕೂತೆ. ಯಂತ್ರಕ್ಕೆ ಅವರು ಸೋನಾರ್ ಅನ್ನುತ್ತಿದ್ದರು. ಮೊಳದುದ್ದದ ಮೀನಿನ ಆಕಾರದ ಒಂದು ಕಬ್ಬಿಣ. ಅದನ್ನು ನೀರಿಗೆ ಬಿಟ್ಟು ದೋಣಿಯ ಹಿಂದೆ ಎಳೆದುಕೊಂಡು ಹೋದರೆ ಅದು ತಳಕ್ಕೆ ಸದ್ದು ಕಳಿಸಿ, ಮರಳಿ ಬಂದ ಸದ್ದಿನಿಂದ ಪರದೆಯ ಮೇಲೆ ಚಿತ್ರ ಬಿಡಿಸುತ್ತದೆ. ಮೊದಲ ದಿನ ಪರದೆಯ ತುಂಬ ಉದ್ದುದ್ದ ಗೆರೆಗಳೇ ಬಂದವು.

"ಇದೇನಕ್ಕಾ, ನಮ್ಮ ಸಮುದ್ರದಲ್ಲಿ ಮೀನು ಇರ್ತದೆ, ನಿಮ್ಮ ಹೊಳೆಯಲ್ಲಿ ಬರೇ ಪೈಪು," ಎಂದ ಕಾರವಾರದವನು.

"ಅದು ಗೌಡ್ರ ಪೈಪು. ಇದು ತೋಟದವರದು. ಅಲ್ಲಿ ನೋಡು, ಅದು ಅಡ್ಡಾದಿಡ್ಡಿ ಬಿದ್ದದಲ, ಅದು ಅಣ್ಣತಮ್ಮರು ಜಗಳಾಡಿ ಬಿಟ್ಟಿದ್ದು," ಅಂದೆ. ಅವನು ನಗುತ್ತ ಒಂದೊಂದಕ್ಕೂ ಗುರುತು ಹಾಕಿಕೊಂಡ.

ಎರಡನೆಯ ದಿನ ದೋಣಿ ನಮ್ಮ ಹೊಲದ ಮೇಲೆ ಹಾಯಿತು. ಪರದೆಯ ಮೇಲೆ ದುಂಡಗೆ ಒಂದು ಬಳೆ ಮೂಡಿತು. ನಮ್ಮ ಬಾವಿ. ಅದರ ಆಚೆ ಬದುವಿನ ಗೆರೆ, ಆಮೇಲೆ ಬರಿ ಬಯಲು. ಇಪ್ಪತ್ತು ವರ್ಷದಿಂದ ಕಾಣದ ಹೊಲವನ್ನು ಕಂಡೆ. ನಮ್ಮವರು ಹೇಳಿದ್ದೆಲ್ಲ ಹೇಳಿದ ಹಾಗೇ ಇತ್ತು. "ಏನಿದು?" ಎಂದು ಹಿರಿಯರು ಕೇಳಿದರು. "ಬಾವಿ ರೀ," ಎಂದಷ್ಟೇ ಹೇಳಿದೆ. ಬಾವಿಯ ಪಕ್ಕದಲ್ಲಿ ಒಂದು ಸಣ್ಣ ಚುಕ್ಕೆ ಇತ್ತು. ಅವರು ಅದನ್ನು ಕೇಳಲಿಲ್ಲ, ನಾನು ಹೇಳಲಿಲ್ಲ.

ನಾಲ್ಕನೆಯ ದಿನ ಮೇಲ್ಗಡೆ ಮಡುವಿನಲ್ಲಿ ಕಾರವಾರದವನು ಮುಳುಗಿ, ಹೂಳಿನಲ್ಲಿ ಕೈಯಾಡಿಸಿ ಎಂಜಿನ್ ಕಂಡುಹಿಡಿದ. ಅಂಗೈ ಅಗಲದ ಒಂದು ತಗಡು ಮೇಲೆ ತಂದ. ಅದರ ಮೇಲಿನ ಅಂಕಿಗಳನ್ನು ಹಿರಿಯರು ಕನ್ನಡಕ ಏರಿಸಿ ಮೂರು ಸಲ ಓದಿ, ಇದೇ ವಿಮಾನ ಎಂದರು. ಮತ್ತೆ ಇಡೀ ಮಧ್ಯಾಹ್ನ ಹುಡುಕಿದರು. ಎಲುಬಿನ ಒಂದು ಚೂರೂ ಇರಲಿಲ್ಲ.

ದಂಡೆಗೆ ಬಂದು ಜಾಲಿ ಮರದ ಕೆಳಗೆ ಕೂತಾಗ ಹಿರಿಯರು ಅಂದರು, "ಹೊಳಿ ಒಯ್ದದ. ನಾಳೆ ಆ ಮುದುಕಿಗೆ ಹಂಗೇ ಬರೀತೇನಿ. ಆಕಿ ಕೇಳಿದ್ದು ಒಂದೇ ಮಾತು ನೋಡ್ರಿ, ಅಕ್ಕಾರ. ಸಾಯೂವಾಗ ಅಂವ ಒಬ್ಬನೇ ಇದ್ನೋ, ಯಾರರೆ ಇದ್ರೋ ಅಂತ. ಅದಕ್ಕೂ ನಮ್ಮ ಹತ್ರ ಉತ್ತರ ಇಲ್ಲ."

ಮನೆಗೆ ಬಂದು ಒಲೆಯ ಮುಂದೆ ಕೂತೆ. ಅತ್ತೆ ಹಿಟ್ಟು ನಾದಿ ಇಟ್ಟಿದ್ದರು. ನಾನು ರೊಟ್ಟಿ ಬಡಿಯುತ್ತ ಎಲ್ಲವನ್ನೂ ಹೇಳಿದೆ. ಅವರು ರೊಟ್ಟಿ ಮಗುಚುತ್ತ ಕೇಳಿದರು.

"ಹೇಳೋಣೇನ್ರಿ, ಅತ್ತಿ?"

"ಅಂವಗ ಮಣ್ಣ ಕೊಟ್ಟ ನಮ್ಮಜ್ಜನ ಮ್ಯಾಲ ಕೇಸ ಹಾಕಿದ್ರ?"

"ಅಜ್ಜ ಹೋಗಿ ಅರವತ್ತ ವರ್ಷ ಆತು. ಅವನ್ನ ಹಿಡೀಬೇಕಂದ್ರ ಪೊಲೀಸರೂ ಅಲ್ಲಿಗೇ ಹೋಗಬೇಕು."

ಅವರಿಗೆ ನಗು ಬಂತು, ತಡೆದುಕೊಂಡರು. "ಅದಲ್ಲ ಬೇ. ಹೇಳಿದ್ರ ಇವರು ಅಗೀತಾರ. ಕುಂತವರನ್ನ ಎಬ್ಬಿಸಬಾರದು."

ಹೆದರಿಕೆ ಅದು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕುಳ್ಳಿರಿಸಿ ಮಣ್ಣು ಕೊಡುತ್ತಾರೆ. ಒಮ್ಮೆ ಕೂತವರು ಕೂತ ಹಾಗೇ ಇರಬೇಕು.

ನಾನು ಇನ್ನೊಂದು ರೊಟ್ಟಿ ಬಡಿದು ಹಂಚಿಗೆ ಹಾಕಿ ಹೇಳಿದೆ. "ನಿಮ್ಮ ಮಗ ಎಲ್ಲಿ ಕುಂತಾರ ಅಂತ ನಮಗ ಗೊತ್ತದ. ದಿನಾ ಹೋಗಿ ನೋಡಿ ಬರ್ತೇನಿ. ಹೋಗಿ ಬಂದ್ರ ಊಟ ರುಚಿ ಹತ್ತತದ. ಆಕಿಗೆ ಅದೂ ಇಲ್ರಿ. ಎಂಬತ್ತ ವರ್ಷದಿಂದ ಇಲ್ಲ."

ಅತ್ತೆ ಕೊನೆಯ ರೊಟ್ಟಿ ಹಂಚಿನಿಂದ ತೆಗೆದು ಬುಟ್ಟಿಗೆ ಹಾಕಿ, ಕೈ ತೊಳೆದು, "ನಾಳೆ ಮುಂಜಾನೆ ಜೀಪ ತರಸು. ಹೊಳಿ ದಂಡೀತನ ನನಗ ನಡಿಯಾಕ ಆಗೂದಿಲ್ಲ," ಅಂದರು.

ಅತ್ತೆ ಇದೇ ಊರಿನ ಮಗಳು. ಸೋದರಮಾವನಿಗೇ ಕೊಟ್ಟಿದ್ದರಿಂದ ಹುಟ್ಟಿದ್ದು, ಬಾಳಿದ್ದು ಎಲ್ಲ ಇಲ್ಲೇ. ವಿಮಾನ ಬಿದ್ದಾಗ ಅವರಿಗೆ ಆರು ವರ್ಷ. ಮರುದಿನ ಜಾಲಿಯ ಕೆಳಗೆ ಕಂಬಳಿಯ ಮೇಲೆ ಕೂತು ಅವರು ಹಿರಿಯರಿಗೆ ಹೇಳಿದ್ದನ್ನು ನಾನೂ ಅಷ್ಟು ವಿವರವಾಗಿ ಅಂದೇ ಕೇಳಿದ್ದು.

"ಹೊಳಿ ತುಂಬಿ ಬಂದಿತ್ತು. ಮುಂಜಾನೆ ದೊಡ್ಡ ಸದ್ದಾತು. ನಮ್ಮಜ್ಜ, ಮತ್ತ ಊರಿನ ನಾಕ ಮಂದಿ ತೇಲಾಕ ಸೋರೆಬುರಡಿ ಕಟ್ಟಿಕೊಂಡು ಈಜಿ ಹೋಗಿ ಇಂವನ್ನ ಎಳಕೊಂಡ ಬಂದ್ರು. ಜೀವ ಇತ್ತು. ಬಾವಿ ಹತ್ರ ನೆಳ್ಳಾಗ ಮಲಗಿಸಿದ್ರು. ನಮ್ಮವ್ವ ಮಜ್ಜಿಗಿ ಕುಡಿಸಿದ್ಲು, ಎರಡ ಗುಟಕ ಕುಡದ. ನನಗ ನೊಣ ಹೊಡಿಯಾಕ ಕುಂಡರಿಸಿದ್ರು. ಏನೋ ಮಾತಾಡ್ದ, ನಮಗ ತಿಳೀಲಿಲ್ಲ. ಹೊತ್ತ ನೆತ್ತಿಗೆ ಬರೂದರಾಗ ಹ್ವಾದ."

"ಯಾರಿಗೂ ಯಾಕ ಹೇಳ್ಲಿಲ್ರಿ, ಅವ್ವಾರ?"

"ನಿಜಾಮನ ಕಾಲ ಅದು. ಸಾಹೇಬ ನಿಮ್ಮ ಹೊಲದಾಗ ಯಾಕ ಸತ್ತ ಅಂತ ಪೊಲೀಸ ಅಮೀನ ಕೇಳಿದ್ರ ಏನ ಹೇಳೂದು? ಹೊಳಿ ಇಳದ ಮ್ಯಾಲ ಸಿಪಾಯಿಗಳು ಬಂದ್ರು. ಮಡು ತೋರಿಸಿದ್ವಿ. ನೋಡಿ ಹೋದ್ರು."

"ಸುಟ್ಟರೋ, ಹೂಳಿದರೋ?"

"ಯಾಕ ಸುಡತಾರ? ಕುಂಡರಿಸಿದ್ವಿ." ಅತ್ತೆಯ ದನಿಯಲ್ಲಿ ಸ್ವಲ್ಪ ಸಿಟ್ಟು ಬಂತು. "ಮೊದಲಿಗೆ ಮಂದಿಗೂ ತಿಳೀಲಿಲ್ಲ, ಇಂವ ಯಾವ ಪೈಕಿ ಅಂತ. ಅಂಗಿ ಬಿಚ್ಚಿದಾಗ ಕೊರಳಾಗ ದಾರ ಇತ್ತು. ದಾರದಾಗ ಎರಡ ಬಿಲ್ಲಿ, ಒಂದು ಕೆಂಪು, ಒಂದು ಹಸರು. ನಮ್ಮಜ್ಜ ಅಂದ, ಕೊರಳಾಗ ಕಟ್ಟಿಕೊಂಡವ ನಮ್ಮವ, ಅವರ ದೇಶದಾಗ ಲಿಂಗ ಹಿಂಗ ಇರತಾವ ಅಂದ. ಅಯ್ಯನೋರನ್ನ ಕರಸಿ, ಕಾಲ ತೊಳದು, ಇಬತ್ತಿ ಹಚ್ಚಿ, ಪತ್ರಿ ಏರಿಸಿ, ಬಿಲ್ಲಿ ಎಡಗೈಯಾಗ ಇಟ್ಟು ಕುಂಡರಿಸಿದ್ರು. ಎಲ್ಲಾ ಪದ್ಧತಿ ಪ್ರಕಾರ."

ಹಿರಿಯರು ಬರೆಯುವುದು ನಿಲ್ಲಿಸಿದರು. ಆ ಬಿಲ್ಲೆಗಳು ಏನು ಎಂದು ಅವರು ಮೆಲ್ಲಗೆ ವಿವರಿಸಿದರು. ಯುದ್ಧಕ್ಕೆ ಹೋಗುವ ಪ್ರತಿಯೊಬ್ಬನ ಕೊರಳಲ್ಲೂ ಅವನ ಹೆಸರು, ನಂಬರು ಕೆತ್ತಿದ ಎರಡು ಬಿಲ್ಲೆ ಇರುತ್ತಿದ್ದವು. ಒಂದು ಕೆಂಪು, ಒಂದು ಹಸಿರು. ಸತ್ತರೆ ಯಾರೆಂದು ತಿಳಿಯಲಿ ಎಂದು.

ಅತ್ತೆ ತಮ್ಮ ಕೊರಳಿನ ಲಿಂಗವನ್ನು ಮುಟ್ಟಿಕೊಂಡರು. "ಹಂಗಾರ ಲಿಂಗ ಅಲ್ಲ ಅದು."

"ಅಲ್ರಿ, ಅವ್ವಾರ."

"ಇರಲಿ ಬಿಡ್ರಿ. ಎಬ್ಬಿಸಿ ಕೇಳಿದ್ರ ಅಂವ ಬ್ಯಾಡ ಅಂತಿದ್ನೇನು? ಕೈಯಾಗ ಅಂವಂದೇ ಹೆಸರದಲ್ಲ."

ಆಮೇಲೆ ಏನೋ ನೆನಪಾಗಿ ಹೇಳಿದರು. ಬೂಟು ಬಿಚ್ಚಿ ಕಾಲು ತೊಳೆಯುವಾಗ ಕಂಡದ್ದು. ಬೂದು ಬಣ್ಣದ ಕಾಲುಚೀಲ, ಒಂದರ ಹಿಮ್ಮಡದಲ್ಲಿ ಹಸಿರು ದಾರದ ತೇಪೆ. "ನಮ್ಮವ್ವ ಕೌದಿ ಹೊಲಿಯಾಕಿ. ನೋಡಿ ಅಂದ್ಲು, ಹೊಸದಾಗಿ ಸೂಜಿ ಹಿಡದ ಹುಡಗಿ ಹೊಲದದ್ದು ಇದು, ಹೊಲಿಗಿ ಸೊಟ್ಟ ಅದ ಅಂತ."

ಅವತ್ತು ಕಲ್ಲು ಹುಡುಕಲು ಹೊರಟೆವು. ಬಾವಿಯ ಮೇಲೆ ತೇಲುವ ಒಂದು ಡಬ್ಬ ಕಟ್ಟಿ, ಅಲ್ಲಿಂದ ಮೂಡಣಕ್ಕೆ ನನಗೆ ನೆನಪಿದ್ದ ಹೆಜ್ಜೆಯ ಲೆಕ್ಕದಲ್ಲಿ ಅಳೆದ ಹಗ್ಗ ಹಿಡಿದು ದೋಣಿ ನಿಲ್ಲಿಸಿದೆವು. ನೀರು ಎರಡಾಳು ಆಳ. ಕಾರವಾರದವನು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡ. ನಾನು ಮನೆಯಿಂದ ನಮ್ಮವರ ಹಗ್ಗ ತಂದಿದ್ದೆ. ಅವನು ಅದನ್ನು ನೋಡಿ, "ಇದನ್ನೇ ಕಟ್ಟಿ ಅಕ್ಕಾ. ಸಿಗ್ನಲ್ಲೂ ನಿಮ್ಮದೇ ಇರಲಿ," ಅಂದ.

ಹಗ್ಗ ಅಂಗೈಯಲ್ಲಿ ಜಾರುತ್ತ ಹೋಯಿತು. ನಿಂತಿತು. ಒಂದು ಜಗ್ಗು ಬಂತು. ನಾನೂ ಒಂದು ಜಗ್ಗಿದೆ. ನಮ್ಮವರು ಕೊನೆಯ ದಿನ ಕಲಬುರಗಿಯ ಆಸ್ಪತ್ರೆಯಲ್ಲಿ, ಮಾತು ನಿಂತ ಮೇಲೆ, ಹೀಗೇ ನನ್ನ ಕೈಯನ್ನು ಒಮ್ಮೆ ಒತ್ತಿದ್ದರು. ನಾನೂ ಒತ್ತಿದ್ದೆ. ಅದು ನೆನಪಾಯಿತು, ಆದರೆ ಹಗ್ಗದ ಮೇಲಿನ ಗಮನ ಬಿಡಲಿಲ್ಲ. ಕೆಲಸ ಇತ್ತು. ಆಮೇಲೆ ಬೇಗ ಬೇಗ ಎರಡು ಜಗ್ಗು ಬಂದವು. ಸಿಕ್ಕಿತು.

ಅವನು ಮೇಲೆ ಬಂದು ದೋಣಿಯ ಅಂಚು ಹಿಡಿದುಕೊಂಡ. "ಕಲ್ಲು ಸರಿಯಾಗಿ ನಿಂತಿದೆ. ಆದರೆ ಅದರ ಮುಂದೆ ಇವು ಇದ್ದವು. ಇನ್ನೂ ಕೆಲವು ಕೆಸರಿನಲ್ಲಿ ಇರಬೇಕು." ಚೀಲದಿಂದ ಕೆಸರು ಮೆತ್ತಿದ ನಾಲ್ಕು ಸ್ಟೀಲ್ ಬಟ್ಟಲು ತೆಗೆದು ಕೊಟ್ಟ.

ಒಂದನ್ನು ಸೆರಗಿನಿಂದ ಒರೆಸಿದೆ. ಅಂಚಿನಲ್ಲಿ ನನ್ನ ಅಪ್ಪನ ಹೆಸರು, ಅದರ ಮುಂದೆ ಮಟಕಿ ಎಂದು ಕೊರೆದಿತ್ತು. ನನ್ನ ಮದುವೆಗೆ ತವರಿನವರು ಹನ್ನೆರಡು ಬಟ್ಟಲು ಕೊಟ್ಟಿದ್ದರು. ವರ್ಷಕ್ಕೊಂದರಂತೆ ಅವು ಮನೆಯಿಂದ ಕಾಣೆಯಾಗುತ್ತಿದ್ದವು. ಪಕ್ಕದ ಮನೆಯವಳು ಮಜ್ಜಿಗೆ ಒಯ್ದು ಬಟ್ಟಲು ಇಟ್ಟುಕೊಳ್ಳುತ್ತಾಳೆ ಎಂದು ನಾನು ನಂಬಿದ್ದೆ, ಒಂದು ಸಲ ಬಾಯಿಬಿಟ್ಟು ಅಂದೂ ಇದ್ದೆ. ಅವಳು ಎರಡು ತಿಂಗಳು ನಮ್ಮ ಮನೆಗೆ ಬಂದಿರಲಿಲ್ಲ. ಆ ಜಗಳವನ್ನೆಲ್ಲ ನಮ್ಮವರು ಕಟ್ಟೆಯ ಮೇಲೆ ಕೂತು ಕೇಳಿದ್ದರು, ತುಟಿ ಬಿಚ್ಚಿರಲಿಲ್ಲ. ದಂಡೆಯಿಂದ ಪಾಲು ಎಸೆದು ಬರುತ್ತೇನೆ ಎಂದು ಹೋಗಿ, ಮಾರ್ಗಶಿರದ ಆ ಚಳಿಯಲ್ಲಿ, ಹಗ್ಗ ಹಿಡಿಯಲು ನನ್ನನ್ನೂ ಕರೆಯದೆ, ಬಟ್ಟಲಿನಲ್ಲಿ ಇಟ್ಟುಕೊಂಡು ತಳಕ್ಕೆ ಹೋಗಿ ಕಲ್ಲಿನ ಮುಂದೆ ಇಟ್ಟು ಬಂದಿದ್ದರು. ಅಷ್ಟು ವರ್ಷ.

ನಾನು ನಗುತ್ತಿದ್ದೆನಂತೆ. ಹಿರಿಯರು ಆಮೇಲೆ ಹೇಳಿದರು.

ಎರಡು ದಿನ ಬಿಟ್ಟು ಅವರ ಮೊಬೈಲಿನಲ್ಲಿ ಆ ತಂಗಿ ಕಂಡಳು. ಬೆಳ್ಳಗಿನ ಕೂದಲು, ಹೆಗಲ ಮೇಲೆ ಶಾಲು. ಹಿರಿಯರು ನಡುವೆ ಕೂತು ಆಚೆಯ ಮಾತು ಈಚೆಗೆ, ಈಚೆಯದು ಆಚೆಗೆ ಹೇಳಿದರು. ತೇಪೆಯ ಮಾತು ಬಂದಾಗ ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬೂದು ದಾರ ಮುಗಿದಿತ್ತಂತೆ, ಮನೆಯಲ್ಲಿ ಹಸಿರು ಮಾತ್ರ ಇತ್ತಂತೆ.

ಅಗೆದು ನೋಡಿದರೆ ಮಾತ್ರ ದಾಖಲೆಯಲ್ಲಿ ಬರೆಯಬಹುದು, ಬೇಸಿಗೆಯ ಕೊನೆಗೆ ನೀರು ಇಳಿದಾಗ ಅದಕ್ಕೆ ಒಪ್ಪಿಗೆ ಕೇಳಬಹುದು, ಏನು ಮಾಡಲಿ ಎಂದು ಹಿರಿಯರು ಅವಳನ್ನೇ ಕೇಳಿದರು. ಅತ್ತೆ ನನ್ನ ಮೊಣಕೈ ಹಿಡಿದುಕೊಂಡರು. ಅವಳು ತಲೆಯಾಡಿಸಿ ಏನೋ ಹೇಳಿದಳು. ಹಿರಿಯರು ನಮ್ಮ ಕಡೆ ತಿರುಗಿ, "ಬ್ಯಾಡ ಅಂತಾರ. ಕುಂತಿರಲಿ ಅಂತಾರ," ಅಂದರು. ಮೊಣಕೈ ಮೇಲಿನ ಹಿಡಿತ ಸಡಿಲವಾಯಿತು.

"ಮತ್ತ ಕೇಳತಾರ, ಅವ್ವಾರ. ಅವತ್ತು ಅವರ ಅಣ್ಣನ ಹತ್ರ ಯಾರಿದ್ರು ಅಂತ."

ಅತ್ತೆ ಬೆರಳು ಮಡಚುತ್ತ ಹೇಳಿದರು. "ನಮ್ಮಜ್ಜ. ಈಜಿ ಹ್ವಾದ ನಾಕ ಮಂದಿ. ನಮ್ಮವ್ವ. ಆರು ಮಂದಿ ಅಂತ ಹೇಳ್ರಿ." ಮತ್ತೆ ಏಳನೆಯ ಬೆರಳು ಮಡಚಿದರು. "ನಾನೂ ಇದ್ದೆ. ಏಳು ಅನ್ರಿ. ಒಂದ ನೊಣಾ ಕುಂಡರಗೊಡಲಿಲ್ಲ ಅಂತ ಹೇಳ್ರಿ."

ಹಿರಿಯರು ಹೇಳಿದರು. ಇಬ್ಬರು ಮುದುಕಿಯರೂ ಆ ಸಣ್ಣ ಗಾಜಿನಲ್ಲಿ ಒಬ್ಬರನ್ನೊಬ್ಬರು ನೋಡುತ್ತ ಕೂತರು. ಯಾರೂ ಬೇಗ ಫೋನು ಇಡಲಿಲ್ಲ.

ಹೊರಡುವ ಮೊದಲು ಕಾರವಾರದವನು ಮತ್ತೊಮ್ಮೆ ಇಳಿದು ಕಲ್ಲಿನ ಬುಡದ ಒಂದು ಹಿಡಿ ಮಣ್ಣು ತಂದ. ಅದನ್ನು ಬಿಳಿ ಅರಿವೆಯಲ್ಲಿ ಗಂಟು ಕಟ್ಟಿ, ನಾಲ್ಕು ಬಟ್ಟಲಲ್ಲಿ ಒಂದರೊಳಗೆ ಇಟ್ಟು ಆ ತಂಗಿಗೆ ಕಳಿಸಿದೆವು. ಒಂದನ್ನು ನಾನು ಇಟ್ಟುಕೊಂಡೆ. ಉಳಿದ ಎರಡನ್ನು ಎಲ್ಲಿದ್ದವೋ ಅಲ್ಲೇ ಇಟ್ಟು ಬಾ ಎಂದು ಅವನ ಕೈಯಲ್ಲೇ ಕೊಟ್ಟೆ. ಪಕ್ಕದ ಮನೆಯವಳನ್ನು ಕರೆದು ನನ್ನ ಬಟ್ಟಲನ್ನು ತೋರಿಸಿದೆ. "ನಿನ್ನ ಗಂಡಗ ಕೈ ಮುಗೀಬೇಕವ್ವ. ನನ್ನ ಕಳ್ಳಿ ಮಾಡಿ ತಾ ಪುಣ್ಯಾ ಮಾಡಕೊಂಡ," ಎಂದು ಅವಳು ನಕ್ಕಳು. ಈಗ ದಿನ ಬಿಟ್ಟು ದಿನ ಮಜ್ಜಿಗೆಗೆ ಬರುತ್ತಾಳೆ.

ಮಳೆಗಾಲ ಮುಗಿಯುವ ಹೊತ್ತಿಗೆ ಹಿರಿಯರು ಫೋನು ಮಾಡಿದರು. ಆ ತಂಗಿ ಬಟ್ಟಲನ್ನು ಕಿಟಕಿಯಲ್ಲಿ ಇಟ್ಟಿದ್ದಾಳಂತೆ. ಅದರ ಅಂಚಿನಲ್ಲಿ ಏನು ಬರೆದಿದೆ ಎಂದು ಕೇಳಿದ್ದಾಳೆ. ತವರಿನವರು ಕೊಟ್ಟ ಬಟ್ಟಲು, ನಮ್ಮಪ್ಪನ ಹೆಸರು ಅದು ಎಂದು ಬರೆಯಿರಿ ಅಂದೆ.

ಈ ಸಲದ ಎಳ್ಳ ಅಮಾವಾಸ್ಯೆಗೆ ನಾನೇ ದಂಡೆಗೆ ಹೋಗಿ ಪಾಲು ಹಾಕಿದೆ. ಈಗ ಅವನ ಹೆಸರು ನಮಗೆ ಗೊತ್ತು. ಬಂಡಿಯಲ್ಲಿ ಜೊತೆಗೆ ಬಂದಿದ್ದ ಅತ್ತೆ ಅದನ್ನು ತಮಗೆ ಬಂದ ಹಾಗೆ ಕರೆದರು. ಅಲ್ಲಿಂದ ಮೇಲಿನ ಹೊಲಕ್ಕೆ ಹೋಗಿ, ಉಳಿದ ಕಡಬು ಭಜ್ಜಿಯನ್ನು ಮಟಕಿಯ ಬಟ್ಟಲಿನಲ್ಲಿ ಹಾಕಿ ನಮ್ಮವರ ಗದ್ದಿಗೆಯ ಮುಂದೆ ಇಟ್ಟೆ. ಬಟ್ಟಲಿನ ಲೆಕ್ಕ ಕೇಳಿ ಚೆನ್ನಾಗಿ ಬೈಯಬೇಕೆಂದುಕೊಂಡು ಹೋಗಿದ್ದೆ. ಬೈಯಲಿಲ್ಲ. ಬಿಸಿಲು ಹಿತವಾಗಿತ್ತು. ಜೋಳ ತೆನೆ ಬಿಟ್ಟಿತ್ತು. ಅತ್ತೆ ಬದುವಿನ ಮೇಲೆ ಕೂತು ನಮ್ಮಿಬ್ಬರಿಗೂ ಊಟ ಬಡಿಸಿ, ತಣ್ಣಗಾಗುತ್ತದೆ ಬಾ ಎಂದು ಕೂಗುತ್ತಿದ್ದರು.